ಓದುವವಳು, ಗುರುತು ಹಾಕುವವಳು

ಇದನ್ನು ಹೇಳಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಬೇಕು. ಇಲ್ಲಿರುವುದು ಒಬ್ಬ ತಾಯಿ, ಒಬ್ಬ ಮಗಳು, ಶಾಲೆಯ ಒಂದು ಫಾರಂ, ಅಷ್ಟೆ. ಮೇಲಾಗಿ ಇನ್ನೊಬ್ಬರ ಮನೆಯ ಒಳಗಿನ ಮಾತು. ಹೆಚ್ಚುಕಡಿಮೆ ಹೇಳಿದರೆ ಒಂದು ಹುಡುಗಿಗೆ ಅನ್ಯಾಯವಾದೀತು. ಆದರೂ ಹೇಳದೆ ಇರಲಾಗಲಿಲ್ಲ.

ವಾರಿಜಾ ಮಲೇಷ್ಯಾದ ಕ್ಲಾಂಗ್ ಬಂದರಿನ ಒಂದು ಆಫೀಸಿನಲ್ಲಿ ಕಂಟೇನರುಗಳ ಕಾಗದಪತ್ರ ನೋಡುವವಳು. ಅಲ್ಲಿ ಯಾವ ಪತ್ರವನ್ನೂ ಒಬ್ಬರೇ ಪರಿಶೀಲಿಸುವಂತಿಲ್ಲ. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪೆನ್ನು ಹಿಡಿದು ಗುರುತು ಹಾಕಬೇಕು. ಒಂದು ಅಂಕೆ ತಪ್ಪಿದರೂ ಸಾಮಾನು ಯಾವುದೋ ದೇಶದ ಬಂದರಿನಲ್ಲಿ ಬಿದ್ದು ಕೊಳೆಯುತ್ತದೆ. ಈ ಪದ್ಧತಿಯನ್ನು ಅವಳು ಸುಬಾಂಗ್ ಜಯಾದ ಮನೆಗೂ ತಂದಿದ್ದಳು. ವೀಸಾ ಅರ್ಜಿಯಿರಲಿ, ಶಾಲೆಯ ಫಾರಂ ಇರಲಿ, ಮಗಳು ನಿಖಿತಾ ಓದುವುದು, ಅಮ್ಮ ಗುರುತು ಹಾಕುವುದು. ಹುಡುಗಿಗೆ ಏಳು ವರ್ಷವಾದಾಗಿನಿಂದ ಹೀಗೆಯೇ. ಓದುವಾಗ ಇದ್ದದ್ದನ್ನೇ ಓದಬೇಕು ಎಂದು ಅವರು ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಹೇಳುವ ಅಗತ್ಯ ಬಿದ್ದಿರಲಿಲ್ಲ.

ಆ ಗುರುವಾರ ಸಂಜೆ, ಮುಂದಿನ ವರ್ಷದ ಹನ್ನೊಂದನೇ ತರಗತಿಗೆ ಮಗಳು ಆರಿಸಿದ್ದ ವಿಷಯಗಳ ಪಟ್ಟಿ ನೋಡಲು ಕೂತರು. ನಿಖಿತಾಳದು ಅಮೆರಿಕನ್ ಪದ್ಧತಿಯ ಶಾಲೆ. ಅಲ್ಲಿ ಒಂದೇ ವಿಷಯಕ್ಕೆ ಎರಡು ದಾರಿ. ರೆಗ್ಯುಲರ್‌ನಲ್ಲಿ ಎಲ್ಲರ ಜೊತೆ ನಡೆಯಬಹುದು, ಆನರ್ಸ್‌ನಲ್ಲಿ ಓಡಬೇಕು. ಯಾವ ದಾರಿ ಹಿಡಿದದ್ದು ಎಂಬುದು ಅಂಕಪಟ್ಟಿಯಲ್ಲಿ ಅಚ್ಚಾಗಿ ಮುಂದೆ ಕಾಲೇಜಿನವರ ಕೈಗೆ ಹೋಗುತ್ತದೆ.

"ಇಂಗ್ಲಿಷ್, ಆನರ್ಸ್," ನಿಖಿತಾ ಲ್ಯಾಪ್‌ಟಾಪ್ ನೋಡುತ್ತ ಓದಿದಳು. ವಾರಿಜಾ ತಾನು ಬರೆದಿಟ್ಟುಕೊಂಡ ಪಟ್ಟಿಯಲ್ಲಿ ಗುರುತು ಹಾಕಿದಳು.

"ಮ್ಯಾಥ್ಸ್, ಆನರ್ಸ್."

"ಹೂಂ."

"ಕೆಮಿಸ್ಟ್ರಿ..." ಸ್ವಲ್ಪ ತಡೆದು, "ಆನರ್ಸ್."

"ಅದಕ್ಕೆಂತ ಉಸಿರು ಕಟ್ಟಿದ್ದು?"

"ನಥಿಂಗ್, ಅಮ್ಮ. ಥ್ರೋಟ್ ಡ್ರೈ."

ತಾನು ಪಾಠ ಮಾಡುವ ಮೆಡಿಕಲ್ ಕಾಲೇಜಿನಿಂದ ಆಗಷ್ಟೇ ಬಂದಿದ್ದ ಅಪ್ಪ ರತ್ನಾಕರ ಸೋಫಾದಿಂದಲೇ ನಕ್ಕ. "ಎಂತ ಮಾರಾಯ್ತಿ, ಮಗಳನ್ನೂ ಕಂಟೇನರಿಗೆ ತುಂಬಿಸ್ತೀಯಾ? ಮೇಲೊಂದು ಸೀಲ್ ಹೊಡೆದುಬಿಡು."

"ನೀವು ಸುಮ್ಮನಿರಿ ಮಾರಾಯ್ರೇ. ಹಗಲು ಕಾಲೇಜಿನಲ್ಲಿ ಓದಿದವರಿಗೆ ಇದೆಲ್ಲ ತಮಾಷೆ."

ವಾರಿಜಾ ಉಡುಪಿಯ ಬಟ್ಟೆ ಅಂಗಡಿಯಲ್ಲಿ ಹಗಲಿಡೀ ಬಿಲ್ ಬರೆದು, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದವಳು. ಕೆಲಸ ಕೇಳಲು ಹೋದಲ್ಲೆಲ್ಲ ಅಂಕಪಟ್ಟಿ ತಿರುವಿ, "ಓ, ಸಂಜೆ ಕಾಲೇಜಾ?" ಎಂದವರ ಮುಖಗಳು ಅವಳಿಗೆ ಇನ್ನೂ ನೆನಪಿವೆ. ಕಾಗದದ ಮೇಲಿನ ಒಂದು ಮಾತು ಎಷ್ಟು ದೂರ ಬೆನ್ನು ಹತ್ತಿ ಬರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮರುದಿನ ಮಧ್ಯಾಹ್ನ ಎರಡಕ್ಕೆ ಶಾಲೆಯಿಂದ ಇಮೇಲ್ ಬಂತು. ತಂದೆತಾಯಿ ನಾಲ್ಕು ಗಂಟೆಯೊಳಗೆ ಒಪ್ಪಿಗೆ ಕೊಡಬೇಕು, ಬೇಕಿದ್ದರೆ ಬದಲಿಸಬಹುದು, ನಾಲ್ಕರ ನಂತರ ಇಲ್ಲ. ವಾರಿಜಾ ಅಭ್ಯಾಸದಂತೆ ಬೆರಳಿಟ್ಟು ಓದಿದಳು. ಇಂಗ್ಲಿಷ್, ಆನರ್ಸ್. ಮ್ಯಾಥ್ಸ್, ಆನರ್ಸ್. ಕೆಮಿಸ್ಟ್ರಿ, ರೆಗ್ಯುಲರ್.

ಶಾಲೆಯವರ ತಪ್ಪಿರಬೇಕು ಎಂದುಕೊಂಡಳು. ಕೆಳಗೆ ತಾರೀಕು ಇತ್ತು: ವಿದ್ಯಾರ್ಥಿ ಆರಿಸಿದ್ದು ಬುಧವಾರ. ಅಂದರೆ ಗುರುವಾರ ಸಂಜೆಯೂ ಅಲ್ಲಿ ರೆಗ್ಯುಲರ್ ಎಂದೇ ಇತ್ತು. ಅದನ್ನು ನೋಡುತ್ತ ನೋಡುತ್ತಲೇ ಮಗಳು ಆನರ್ಸ್ ಎಂದು ಓದಿದ್ದಳು.

ಮಗಳನ್ನು ಕೇಳೋಣವೆಂದರೆ ನಾಲ್ಕಕ್ಕೆ ಶಾಲೆ ಬಿಡುವವರೆಗೆ ಮಕ್ಕಳ ಫೋನು ಲಾಕರಿನಲ್ಲಿ. ರತ್ನಾಕರ ಪಾಠದಲ್ಲಿ, ಎತ್ತುವುದಿಲ್ಲ. ಮಗಳ ಎಡ ಹುಬ್ಬು ಕಣ್ಣ ಮುಂದೆ ಬಂತು. ಈ ವರ್ಷ ಕೆಮಿಸ್ಟ್ರಿ ಆನರ್ಸ್ ಶುರುವಾದ ಮೇಲೆ ಅದರ ತುದಿಯಲ್ಲಿ ಕೂದಲೇ ಇರಲಿಲ್ಲ. ಅಲ್ಲಿ ಪೆನ್ಸಿಲ್ ಗೀಟು ಕಂಡು ಕೇಳಿದ್ದಕ್ಕೆ, "ಫ್ಯಾಷನ್, ಅಮ್ಮ" ಎಂದಿದ್ದಳು. ಓದುವ ಮೇಜು ಒರೆಸುವಾಗ ಬಟ್ಟೆಗೆ ಹುಬ್ಬಿನಿಂದ ಕಿತ್ತ ಸಣ್ಣ ಸಣ್ಣ ಕೂದಲು ಅಂಟಿದ್ದನ್ನು ವಾರಿಜಾ ನೋಡಿದ್ದಳು. ನೋಡಿ, ಕೊಡವಿ, ಸುಮ್ಮನಾಗಿದ್ದಳು. ಈಗ ಆ ಸುಮ್ಮನಾದದ್ದೇ ಹೆದರಿಸಿತು.

ಪಕ್ಕದ ಮೇಜಿನ ಸುಮತಿ, ಕ್ಲಾಂಗಿನಲ್ಲೇ ಹುಟ್ಟಿದ ತಮಿಳು ಹೆಂಗಸು, ಬಗ್ಗಿ ನೋಡಿದಳು. "ಏನಕ್ಕಾ, ಮುಖ ಬಿಳಿಚಿದೆ? ಮಕಾನ್ ಆಗ್ಲಿಲ್ವಾ? ಏನಾದ್ರೂ ತಪಾವ್ ಮಾಡಿಸ್ಲಾ, ಕಟ್ಟಿಸಿ ತರ್ಲಾ?"

"ಊಟ ಆಯ್ತು. ಸುಮತಿ, ಓದುವವರು ಇಲ್ಲದ್ದನ್ನು ಓದಿದರೆ ಏನು ಮಾಡೋದು?"

"ಇಲ್ಲದ್ದನ್ನು ಯಾಕೆ ಓದ್ತಾರೆ? ಗುರುತು ಹಾಕುವವರಿಗೆ ಹೆದರಿದ್ರೆ ಮಾತ್ರ, ಲಾ!" ಸುಮತಿ ನಕ್ಕು ಕೆಲಸಕ್ಕೆ ತಿರುಗಿದಳು. ವಾರಿಜಾಗೆ ನಗು ಬರಲಿಲ್ಲ.

ಮೂರೂ ಮುಕ್ಕಾಲಿಗೆ ಅವಳು ರೆಗ್ಯುಲರ್ ತೆಗೆದು ಆನರ್ಸ್ ಮಾಡಿದಳು. ಒಪ್ಪಿಗೆಯ ಗುಂಡಿಯ ಮೇಲೆ ಬೆರಳು ಇಟ್ಟಳು. "ಓ, ರೆಗ್ಯುಲರಾ?" ಎನ್ನುವ ಯಾವುದೋ ಮುಖ ಕಂಡಿತು. ಅದರ ಹಿಂದೆಯೇ ಆ ಹುಬ್ಬು. ಬೆರಳು ತೆಗೆದಳು. ಪುನಃ ರೆಗ್ಯುಲರ್ ಮಾಡಿದಳು. ಹೆತ್ತವಳೇ ಮಗಳ ಕಾಲಿಗೆ ಹಗ್ಗ ಕಟ್ಟಿದ ಹಾಗಾಯಿತೇ? ಅಥವಾ ಬಿಚ್ಚಿದ ಹಾಗೆಯೇ? ಗಡಿಯಾರ ಮೂರೂ ಐವತ್ತಾರು ತೋರಿಸುತ್ತಿತ್ತು. ಓದುವವರು ಇನ್ನೊಬ್ಬರಿಲ್ಲದೆ, ತನ್ನೊಳಗೇ ಮೂರು ಸಲ ಓದಿಕೊಂಡು, ಕಣ್ಣು ಮುಚ್ಚಿ ಒತ್ತಿದಳು.

ಸಂಜೆ ರೈಲಿಳಿದು ಮನೆಗೆ ಬಂದಾಗ ನಿಖಿತಾ ಶಾಲೆಯ ಬಟ್ಟೆಯಲ್ಲೇ ಬಾಗಿಲ ಹತ್ತಿರ ನಿಂತಿದ್ದಳು.

"ಅಮ್ಮ, ಡಿಡ್ ಯು ಅಪ್ರೂವ್?"

"ಮಾಡಿದೆ."

"ಯು ಚೆಕ್ಡ್ ಇಟ್?"

ಚಪ್ಪಲಿ ಬಿಚ್ಚುವ ನೆಪದಲ್ಲಿ ವಾರಿಜಾ ತಲೆ ತಗ್ಗಿಸಿದಳು. "ನಿನ್ನೆ ನೀನೇ ಓದಿ ಹೇಳಿದ್ದಲ್ವಾ? ಇದ್ದದ್ದನ್ನು ಇದ್ದ ಹಾಗೇ ಒತ್ತಿದೆ."

ಹುಡುಗಿಯ ಕೈ ಹುಬ್ಬಿನ ಕಡೆಗೆ ಹೋಗಿ, ಅರ್ಧದಲ್ಲೇ ಇಳಿಯಿತು. ಆಮೇಲೆ ಅಡುಗೆಮನೆಗೆ ಹೋಗಿ ಮಧ್ಯಾಹ್ನದ ತಣ್ಣನೆಯ ಅನ್ನವನ್ನು ಬಿಸಿ ಮಾಡದೆ, ನಿಂತುಕೊಂಡೇ ಉಂಡಳು.

ಕಾಲೇಜುಗಳ ಉತ್ತರ ಬರಲು ಇನ್ನೂ ಎರಡು ವರ್ಷವಿದೆ. ರೆಗ್ಯುಲರ್ ಎಂಬ ಆ ಒಂದು ಮಾತು ನಿಖಿತಾಳ ಬೆನ್ನು ಹತ್ತುತ್ತದೆಯೋ ಇಲ್ಲವೋ ಗೊತ್ತಿಲ್ಲ. ಅಮ್ಮನಿಗೆ ವಿಷಯ ತಿಳಿದಿದೆ ಎಂದು ಮಗಳಿಗೆ ತಿಳಿಯಿತೇ, ಅದೂ ಗೊತ್ತಿಲ್ಲ. ವಾರಿಜಾ ಕೇಳಿಲ್ಲ.