ಶೇವಂತಾಳ ಎಡಗೈ, ಬಲಗೈ

ಎಳ್ಳ ಅಮಾವಾಸ್ಯೆಗೆ ಇನ್ನು ಹದಿನಾರು ದಿನ ಇತ್ತು. ಕಲಬುರಗಿಯ ಶರಣಸಿರಸಗಿ ದಾರಿಯ ಹೊಸ ಬಡಾವಣೆಯಲ್ಲಿರುವ ವಿಮಲಾಬಾಯಿಯ ರೊಟ್ಟಿ ಕೇಂದ್ರಕ್ಕೆ ಗಿರಾಕಿಯೊಬ್ಬ ಒಂದು ಜೋಳದ ರೊಟ್ಟಿಯನ್ನು ವಾಪಸು ತಂದು ಮೇಜಿನ ಮೇಲಿಟ್ಟ. ಬೆಳ್ಳನೆಯ ರೊಟ್ಟಿಯ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಕೆಂಪು. ರಕ್ತ. ಅವನು ಕೂಗಾಡಲಿಲ್ಲ. ಬೆರಳಿಟ್ಟು ತೋರಿಸಿ ಹೊರಟುಹೋದ.

ವಿಮಲಾಬಾಯಿ ರೊಟ್ಟಿ ಹಿಡಿದು ಒಳಗೆ ಬಂದಳು. ಬಡಿಯುತ್ತಿದ್ದ ಆರು ಹೆಂಗಸರ ಕೈಗಳೂ ಒಮ್ಮೆಲೇ ನಿಂತವು. ಯಾರನ್ನೂ ಕೇಳುವ ಮೊದಲೇ ಶೇವಂತಾ ಎದ್ದಳು.

"ನಂದೇ ಇರಬೇಕ್ರಿ ಅಕ್ಕಾ."

ಅವಳ ಎರಡೂ ಹೆಬ್ಬೆರಳುಗಳು ಉಗುರಿನ ಬದಿಯಿಂದ ಸೀಳಿದ್ದವು. ಅಂಗೈ ಬೂದಿ ಬಳಿದಂತೆ ಬಿಳಚಿಕೊಂಡು, ಗೆರೆಗೆರೆಯಾಗಿ ಬಿರಿದಿತ್ತು.

"ಯವ್ವಾ! ಇದು ಕೈಯೋ, ಬ್ಯಾಸಗಿ ಎರಿಹೊಲಾನೋ?" ಎಂದಳು ವಿಮಲಾಬಾಯಿ. ಆಮೇಲೆ ದನಿ ತಗ್ಗಿಸಿದಳು. "ನಿನ್ನಂಗ ರೊಟ್ಟಿ ಬಡಿಯಾಕಿ ನಾ ನೋಡಿಲ್ಲ ಶೇವಂತಾ. ಖರೆ ಈ ಕೈಲಿ ಹಿಟ್ಟು ಮುಟ್ಟಬ್ಯಾಡ. ಎಳ್ಳಮಾಸಿ ನಾಕು ದಿನ ಅದ ಅನ್ನೋದ್ರಾಗ ಸಜ್ಜಿ ರೊಟ್ಟಿ ಸುರು ಆಗ್ತಾವ. ಅಷ್ಟ್ರಾಗ ಕೈ ನೆಟ್ಟಗಾದ್ರ ಬಾ. ಇಲ್ಲಂದ್ರ ನಿನ್ನ ಒಲಿ ಬ್ಯಾರೇದವರಿಗೆ ಕೊಡಬೇಕಾಗ್ತದ."

ಹನ್ನೊಂದು ವರ್ಷದಿಂದ ಆ ಒಲೆ ಶೇವಂತಾಳದು. ಅದನ್ನು ಉಳಿಸಿಕೊಳ್ಳಲು ಉಳಿದದ್ದು ಹನ್ನೆರಡು ದಿನ.

ಗೇಟಿನ ತನಕ ಖುರ್ಷೀದ್ ಬೇಗಂ ಹಿಂದೆಯೇ ಓಡಿಬಂದಳು. ಮೋಮಿನಪುರದಿಂದ ಬರುವ ಆಕೆ ಪಕ್ಕದ ಒಲೆಯವಳು. ಸೆರಗಿನೊಳಗೆ ಕೈ ಮುಚ್ಚಿಕೊಂಡೇ ಒಂದು ಪುಟ್ಟ ಬಾಟಲಿ ಚಾಚಿದಳು. "ತಗೋ ಬೆಹನ್, ಗ್ಲಿಸರಿನ್. ನಮ್ಮ ಅಮ್ಮೀ ಥಂಡಿ ದಿನದಾಗ ಇದನ್ನೇ ಹಚ್ತಿದ್ರು."

ಕಮಲಾಪುರದ ಮನೆಗೆ ಬಂದವಳೇ ಶೇವಂತಾ ಬಚ್ಚಲಿಗೆ ಹೋದಳು. ಕೈ ಒಡೆಯುವುದು ಹೊಲಸಿನಿಂದ ಎಂದೇ ಅವಳ ನಂಬಿಕೆ. ಸುಡುವ ನೀರು, ಬಟ್ಟೆ ಒಗೆಯುವ ಪುಡಿ, ತೆಂಗಿನ ನಾರು. ತಿಕ್ಕಿ ತಿಕ್ಕಿ ನಿಂಬೆಹಣ್ಣು ಹಿಂಡಿ, ಮೇಲೆ ಗ್ಲಿಸರಿನ್ ಸುರಿದಳು. ಮೆಣಸಿನಕಾಯಿ ಅರೆದು ಹಚ್ಚಿದಂತೆ ಉರಿ ಹತ್ತಿತು.

ಮಗಳು ಸುಜಾತಾ ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿ ಊರಿನ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಸಂಜೆ ಬಂದವಳು ಬಚ್ಚಲ ಬಾಗಿಲಲ್ಲೇ ನಿಂತುಬಿಟ್ಟಳು.

"ಯವ್ವಾ, ಕೈ ತೊಳೀಲಾಕತ್ತೀದ್ಯೋ, ಬೋಗಾಣಿ ತಿಕ್ಕಲಾಕತ್ತೀದ್ಯೋ?"

"ಹೊಲಸು ಹೋಗ್ಲಿ ಅಂತವ್ವಾ."

"ಹೊಲಸು ಎಲ್ಲದ? ಹೋಗಿದ್ದು ನಿನ್ನ ಚರ್ಮದ ಜಿಡ್ಡು. ಆ ಜಿಡ್ಡಿದ್ರೇ ಒಳಗಿನ ನೀರು ಒಳಗ ಉಳಿತದ. ಕೇಂದ್ರದಾಗ ಎದ್ರಾಗ ಕೈ ತೊಳೀತೀರಿ?"

"ಬಿಸಿನೀರಿಗೆ ಬಟ್ಟಿ ಸೋಡಾ ಹಾಕಿ ಒಂದು ಬಕೇಟು ಇಟ್ಟಾರ. ಸ್ವಚ್ಛ ಇರ್ಲಿ ಅಂತ, ದೀಪಾವಳಿಯಿಂದ. ಒಂದೊಂದು ಮುದ್ದಿಗೂ ಅದ್ದಬೇಕು."

"ದಿನಕ್ಕ ಎಷ್ಟು ಸಲ?"

"ಇಪ್ಪತ್ತು... ಮೂವತ್ತು. ಯಾರು ಎಣಿಸ್ಯಾರ?"

ಸುಜಾತಾ ಹಣೆ ಚಚ್ಚಿಕೊಂಡಳು. ಆದರೆ ಶೇವಂತಾ ಸುಲಭಕ್ಕೆ ಬಗ್ಗುವವಳಲ್ಲ. "ನಮ್ಮವ್ವ ಸಾಯೋತನಕ ಬಿಸಿನೀರಾಗೇ ಹಿಟ್ಟು ನಾದಿದ್ಲು. ಆಕಿಗೇನಾಗಿತ್ತು? ನಾಕು ಬುಕ್ ಓದಿ ನನಗ ಕೈ ತೊಳಿಯೂದು ಕಲಸ್ತೀ?"

"ಆಯ್ತು, ಪಂಥ. ಎಡಗೈ ನಂದು, ಬಲಗೈ ನಿಂದು. ಐದು ದಿನ."

ಹೀಗೆ ಒಂದೇ ಮೈಯಲ್ಲಿ ಎರಡು ಪಕ್ಷಗಳಾದವು. ಬಲಗೈಗೆ ನಾರು, ನಿಂಬೆ, ಬರಿಯ ಗ್ಲಿಸರಿನ್. ಎಡಗೈಗೆ ಉಗುರುಬೆಚ್ಚಗಿನ ನೀರು, ಮೈಗೆ ಹಚ್ಚುವ ಮೆತ್ತನೆಯ ಸಾಬೂನು ಒಂದಿಷ್ಟೇ. ಹಳೆಯ ಧೋತರದ ತುಂಡಿನಿಂದ ಒತ್ತಬೇಕು, ಉಜ್ಜಬಾರದು. ಇನ್ನೂ ಪಸೆ ಇರುವಾಗಲೇ ವ್ಯಾಸಲೀನ್ ಸವರಿ, ಮೇಲೆ ನೂಲಿನ ಕಾಲುಚೀಲ. ಒಂದು ಕೈ ಇನ್ನೊಂದನ್ನು ಮುಟ್ಟದೆ ತೊಳೆಯುವುದು ಎಷ್ಟು ಕಷ್ಟವೆಂದು ಶೇವಂತಾಳಿಗೆ ಆಗಲೇ ಗೊತ್ತಾದದ್ದು. ಮಗಳು ತಂಬಿಗೆಯಿಂದ ನೀರು ಹೊಯ್ಯಬೇಕು, ಪಾತ್ರೆಯನ್ನೂ ಮಗಳೇ ತೊಳೆಯಬೇಕು. ಕೈಗೆ ಕಾಲುಚೀಲ ತೊಟ್ಟು ಕಟ್ಟೆಯ ಮೇಲೆ ಕೂತವಳನ್ನು ಕಂಡು ಓಣಿಯವರು ನಕ್ಕರು. "ಕಾಲಿಗೆ ಏನ್ ಬಳಿ ಇಡ್ತೀ ಶೇವಂತಾ?"

ಪ್ರತಿ ಸಂಜೆ ಸುಜಾತಾ ಕಾಗದದ ಮೇಲೆ ಎರಡು ಅಂಗೈ ಬರೆದು, ಸೀಳಿದ್ದಲ್ಲೆಲ್ಲ ಪೆನ್ಸಿಲ್ಲಿನಿಂದ ಗೆರೆ ಹಾಕುತ್ತಿದ್ದಳು. ಮೊದಲ ದಿನ ಎಡಕ್ಕೆ ಒಂಬತ್ತು, ಬಲಕ್ಕೆ ಒಂಬತ್ತು. ಎರಡನೆಯ ದಿನ ಏನೂ ಬದಲಾಗಲಿಲ್ಲ, ಶೇವಂತಾ ಗೆದ್ದವಳಂತೆ ಮೂಗು ಏರಿಸಿದಳು. ನಾಲ್ಕನೆಯ ದಿನ ಎಡಗೈಯಲ್ಲಿ ಉಳಿದದ್ದು ಮೂರು. ಬಲಗೈಯಲ್ಲಿ ಹನ್ನೊಂದು, ಅದರಲ್ಲಿ ಎರಡು ಜಿನುಗುತ್ತಿದ್ದವು.

ಶೇವಂತಾ ಬಹಳ ಹೊತ್ತು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. ಇಷ್ಟು ವರ್ಷ ತನ್ನ ಅನ್ನ ದುಡಿದ ಕೈಗಳನ್ನು ಹೀಗೆ ಕೂತು ನೋಡಿದ್ದೇ ಇಲ್ಲ. ಕೊನೆಗೆ ಬಲಗೈಯನ್ನು ಮಗಳ ಮುಂದೆ ಚಾಚಿದಳು.

"ಈ ಬಡಪಾಯಿನ್ನೂ ನಿನ್ನ ಕಡಿಗೇ ಸೇರಿಸ್ಕೋ."

"ಐದು ದಿನ ಆಗಿಲ್ಲಲ್ಲ?"

"ಸಾಕು ಬಿಡ, ಬಾಳ ಹೇಳಬ್ಯಾಡ!"

ಖುರ್ಷೀದ್ ಬೇಗಂಳ ಬಾಟಲಿಯನ್ನೂ ಸುಜಾತಾ ಬಿಸಾಡಲಿಲ್ಲ. ಗಾಳಿ ಒಣಗಿದಾಗ ಬರಿಯ ಗ್ಲಿಸರಿನ್ ಚರ್ಮದ ನೀರನ್ನೇ ಎಳೆಯುತ್ತದೆ ಎಂದು ಹೇಳಿ, ಒಂದು ಪಾಲಿಗೆ ಎರಡು ಪಾಲು ಗುಲಾಬಿ ನೀರು ಬೆರೆಸಿದಳು. ಒದ್ದೆ ಕೈಗೆ ಅದು, ಅದರ ಮೇಲೆ ವ್ಯಾಸಲೀನ್.

ಹನ್ನೆರಡನೆಯ ದಿನ ಮೊದಲ ಬಸ್ಸಿಗೆ ಶೇವಂತಾ ಕಲಬುರಗಿಗೆ ಹೊರಟಳು. ವಿಮಲಾಬಾಯಿ ಅವಳ ಕೈಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಗಟ್ಟಿಯಾದ ಗಂಟುಗಳು ಇದ್ದೇ ಇದ್ದವು, ಸೀಳು ಒಂದೂ ಇರಲಿಲ್ಲ.

"ಭಪ್ಪರೇ! ಆಯ್ತು, ಕೈ ತೊಳಕೊಂಡು ಕುಂದ್ರು."

ಮೂಲೆಯಲ್ಲಿ ಸೋಡಾ ನೀರಿನ ಬಕೇಟು ಹಬೆಯಾಡುತ್ತಿತ್ತು. ಶೇವಂತಾ ಅದರ ಮುಂದೆ ನಿಂತಳು. ಅದ್ದಿದರೆ ನಾಲ್ಕು ದಿನಕ್ಕೆ ಮತ್ತೆ ಸೀಳು, ಅದ್ದದಿದ್ದರೆ ಈಗಲೇ ಒಲೆ ಹೋದೀತು.

"ಇದ್ರಾಗ ನಾ ಕೈ ಅದ್ದಂಗಿಲ್ರಿ ಅಕ್ಕಾ."

"ಅದ್ದಲಿಲ್ಲಂದ್ರ ಒಲಿ ಮುಂದ ಕುಂದ್ರಂಗಿಲ್ಲ."

"ರೊಟ್ಟಿಗೆ ರಕ್ತ ಹತ್ತಿದ್ದು ಹೊಲಸಿಂದಲ್ರಿ, ಈ ಸೋಡಾದಿಂದ. ನಲ್ಲಿ ನೀರು, ಮೈ ಸಾಬೂನು ಕೊಡ್ರಿ, ನೀವೇ ಮುಂದ ನಿಂತು ನೋಡ್ರಿ. ಉಗುರಿನ ಸಂದಿ ತನಕ ತೊಳೀತೀನಿ."

"ಆಹಾ! ಸೋಡಾ ನಿನ್ನೊಬ್ಬಾಕಿಗೇ ಕಚ್ಚತದೇನು? ಉಳಿದ ಐದು ಮಂದಿಗೆ ಏನಾಗ್ಯಾದ?"

ಖುರ್ಷೀದ್ ಬೇಗಂ ಮೆಲ್ಲಗೆ ಸೆರಗು ಸರಿಸಿ ಎರಡೂ ಅಂಗೈ ಬಿಚ್ಚಿದಳು. ಬೆರಳಿನ ಸಂದಿಯಲ್ಲಿ ಮೂರು ಕೆಂಪು ಬಿರುಕು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಎಲ್ಲರೂ. ಹತ್ತು ಅಂಗೈಗಳು ಒಂದರ ಪಕ್ಕ ಒಂದು ಚಾಚಿಕೊಂಡವು.

"ಒಲಿ ಹೋಗ್ತದಂತ ಮುಚ್ಚಿಟ್ಟೀವ್ರಿ," ಎಂದಳು ಖುರ್ಷೀದ್ ಬೇಗಂ.

ವಿಮಲಾಬಾಯಿ ಒಬ್ಬೊಬ್ಬರ ಕೈಯನ್ನೂ ನೋಡುತ್ತ ಬಂದಳು. ಸಾಲು ಮುಗಿದ ಮೇಲೆ ಸೀರೆ ಎತ್ತಿ ಕಟ್ಟಿ, ತಾನೇ ಬಕೇಟು ಎತ್ತಿಕೊಂಡು ಹೋಗಿ ಗಟಾರಕ್ಕೆ ಸುರಿದಳು.

"ಈಗ ಹೇಳವ್ವಾ ಡಾಕ್ಟರಬಾಯಿ. ಹಬ್ಬಕ್ಕ ನಾಕೇ ದಿನ ಅದ. ಇವತ್ತಿನ ಎಂಟುನೂರು ರೊಟ್ಟಿ ಯಾರು ಬಡೀತಾರ, ನಾನಾ?"

"ಬಾಯಿ ಬಿಟ್ಟ ಸೀಳಿದ್ದ ಮೂವರು ಕೈಗೆ ಪಟ್ಟಿ ಸುತ್ತಿ ಹಂಚಿನ ಮುಂದ ಕುಂದ್ರಲಿ, ಸಟಗದಿಂದ ಮಗಚಿ ಬೇಯಿಸ್ಲಿ. ಕೈ ಬರೇ ಒಣಗಿದ್ದ ಇಬ್ಬರು ನನ್ನ ಜೋಡಿ ಬಡೀಲಿ. ಕುದಿ ನೀರು ಮೊದ್ಲು ಸೌಟಿನಿಂದ ಕಲಸೂದು, ಆಮ್ಯಾಲೆ ಕೈ. ಕೆಲಸ ಮುಗದ ಮ್ಯಾಲೆ ಎಲ್ಲಾರ್ಗೂ ವ್ಯಾಸಲೀನ್. ಮೊದ್ಲ ಹಚ್ಚಿದ್ರ ಹಿಟ್ಟು ಜಾರ್ತದ. ಯಾರ ಒಲಿನೂ ಹೋಗಬಾರ್ದು, ಅಷ್ಟೇ."

"ಅಷ್ಟೇ ಅಂತ, ಅಷ್ಟೇ!" ವಿಮಲಾಬಾಯಿ ನಕ್ಕು ಸಾಬೂನು ತರಲು ಹೋದಳು.

ಸಜ್ಜೆಯ ಹಿಟ್ಟು ಹಟಮಾರಿ, ಅಂಚಿನಲ್ಲಿ ಒಡೆಯಲು ಕಾಯುತ್ತಿರುತ್ತದೆ. ಶೇವಂತಾ ಎಡಗೈಯಿಂದ ಅಂಚು ಕಾಯುತ್ತ, ಬಲಗೈಯಿಂದ ಬಡಿಯುತ್ತ ತಿರುಗಿಸಿದಳು. ಎರಡು ತಿಂಗಳಿಂದ ಅವಳ ಬೆರಳಿಗೆ ಗೊತ್ತಿದ್ದದ್ದು ನೋವು ಮಾತ್ರ. ಇಂದು ಹಿಟ್ಟಿನ ಬಿಸಿ ಗೊತ್ತಾಯಿತು, ತೆಳುವಾದದ್ದೆಲ್ಲಿ, ದಪ್ಪವಿದ್ದದ್ದೆಲ್ಲಿ ಎಂಬುದೂ ಗೊತ್ತಾಯಿತು. ಎಳ್ಳು ಉದುರಿಸಿ ಹಂಚಿಗೆ ಕೊಟ್ಟ ಮೊದಲ ರೊಟ್ಟಿ ಚಂದ್ರನಂತೆ ದುಂಡಗೆ ಉಬ್ಬಿತು. ಹೆಂಗಸರು ಹೋ ಎಂದರು.

ಸಂಜೆ ಐದಕ್ಕೆ ಎಂಟುನೂರು ಮುಗಿದು ಹನ್ನೆರಡು ಹೆಚ್ಚೇ ಆಗಿದ್ದವು. ಹಂಚಿನ ಮುಂದಿನಿಂದ ಖುರ್ಷೀದ್ ಬೇಗಂ ಕೂಗಿದಳು. "ಬೆಹನ್, ಬಾಳ ಮೆರೀಬ್ಯಾಡ! ಹನ್ನೆರಡು ದಿನ ತಡಿ, ನಿನ್ನ ಸೋಲಸ್ತೀನಿ."

"ಬಾ ಆಪಾ," ಎಂದು ಶೇವಂತಾ ಬೆನ್ನು ನೆಟ್ಟಗೆ ಮಾಡಿ ಕೂತಳು. "ನಿನಗಂತ ಬಾಜೂ ಜಾಗಾ ಹಿಡದೇ ಕುಂತಿರ್ತೀನಿ."