ಕಾಲೆಳೆದು ನಡೆದ ಮಗುವಿನ ಬೂಟು

ಮೂವತ್ತೊಂದು ವರ್ಷದಿಂದ ಹೆಸ್ಟರ್ ಒಂದು ಮಗುವಿನ ದಾರಿ ಕಾಯುತ್ತಿದ್ದಳು. ಆ ಮಗು ಮಣ್ಣು ಸೇರಿ ಸಾವಿರದೆಂಟುನೂರು ವರ್ಷ ಕಳೆದಿತ್ತು ಎಂಬುದು ಬೇರೆ ಮಾತು.

ರೋಮನ್ನರ ಗಡಿಗೋಡೆಯ ಪಕ್ಕದ ಕೋಟೆಯಲ್ಲಿ, ಕಂದಕದ ಕೆಸರಿನಿಂದ ಅಗೆದು ತೆಗೆದ ಆ ಕಾಲದ ಬೂಟುಗಳನ್ನು ತೊಳೆದು, ಅಳೆದು, ತೊಟ್ಟವರು ಯಾರೆಂದು ಹೇಳುವುದು ಅವಳ ಕೆಲಸ. ಸಿಪಾಯಿಯೋ, ಅವನ ಹೆಂಡತಿಯೋ, ಹೇಸರಗತ್ತೆ ಹೊಡೆಯುವವನೋ, ಅಟ್ಟೆ ನೋಡಿಯೇ ಹೇಳಿಬಿಡುತ್ತಿದ್ದಳು. ಕೆಲಸಕ್ಕೆ ಸೇರಿದ ವರ್ಷವೇ ಕೈಗೆ ಒಂದು ಪುಟ್ಟ ಎಡಗಾಲಿನ ಬೂಟು ಬಂದಿತ್ತು. ಬೆರಳ ತುದಿಯ ಚರ್ಮ ನೆಲಕ್ಕೆ ಉಜ್ಜಿ ಉಜ್ಜಿ ತೂತಾಗಿತ್ತು. ಕಾಲೆಳೆದು ನಡೆಯುವ ಮಗು. ಪೋಲಿಯೊ ಬಂದಿದ್ದ ಅವಳ ತಮ್ಮ ವಿಲ್ಫ್ ಹೀಗೆಯೇ ನಡೆಯುತ್ತಿದ್ದ. ಆರು ತುಂಬುವ ಮೊದಲೇ ಹೋಗಿಬಿಟ್ಟ. ಈ ಮಗುವಾದರೂ ಬೆಳೆಯಿತೇ? ಇದೇ ನಡಿಗೆಯ, ಇದಕ್ಕಿಂತ ದೊಡ್ಡ ಬೂಟೊಂದು ಸಿಕ್ಕರೆ ಅವಳಿಗೆ ಸಾಕಿತ್ತು.

ಈ ಬೇಸಿಗೆಯಲ್ಲಿ ಕಂದಕದ ಕೆಸರೇ ಒಣಗಿ ಬಿರುಕುಬಿಟ್ಟಿತು. ಒಣ ಮಣ್ಣಿನಲ್ಲಿ ಚರ್ಮ ಉಳಿಯುವುದಿಲ್ಲ, ಹಾಗಾಗಿ ಇದೇ ಕೊನೆಯ ಅಗೆತ. ಕೊನೆಯ ವಾರ ನಾರ್ಮನ್, ಅವಳ ಜೊತೆಗೇ ಕೂದಲು ನರೆಸಿಕೊಂಡ ಅಗೆತದ ಮೇಸ್ತ್ರಿ, ಒದ್ದೆ ತಟ್ಟೆಯೊಂದನ್ನು ಮೇಜಿನ ಮೇಲಿಟ್ಟ.

"ತಗೋ ಮಹಾರಾಯ್ತಿ, ನಿನ್ನ ಪುಟಾಣಿ ಬಂತು. ಬಲಗಾಲಿಂದು. ಹಿಮ್ಮಡಿ ನೋಡು ಹೇಗೆ ಸವೆದಿದೆ, ಮೈಭಾರ ಎಲ್ಲಾ ಇದರ ಮೇಲೇ ಹಾಕಿದೆ."

ಹೆಸ್ಟರ್ ಅಳೆದಳು. ಹಳೆಯದಕ್ಕಿಂತ ಎರಡು ಸೆಂಟಿಮೀಟರ್ ಉದ್ದ.

"ಬೆಳೆದಿದೆ ಕಣೋ! ಎರಡು ವರ್ಷ ಬೆಳೆದಿದೆ!"

ಟೀ ಕುಡಿಯುತ್ತಿದ್ದವರಿಗೆಲ್ಲ ಸುದ್ದಿ ಮುಟ್ಟಿಸಲು ನಾರ್ಮನ್ ಓಡಿದ.

ಅವಳು ಹಳೆಯ ಬೂಟನ್ನು ತಂದು ಪಕ್ಕದಲ್ಲಿಟ್ಟು, ಅಭ್ಯಾಸಬಲದಿಂದ ಅಟ್ಟೆಯ ಮೊಳೆತೂತುಗಳನ್ನು ಎಣಿಸಿದಳು. ಇದರಲ್ಲಿ ಮೂವತ್ತೇಳು. ಅದರಲ್ಲೂ ಮೂವತ್ತೇಳು. ಅಟ್ಟೆ ದೊಡ್ಡದಾದರೆ ಬೂಟು ಹೊಲಿಯುವವನು ಮೊಳೆಯನ್ನೂ ಹೆಚ್ಚು ಹೊಡೆಯುತ್ತಾನೆ. ಇಲ್ಲಿ ಸಾಲು ಅದೇ, ನಡುವೆ ಹೂವಿನಂತೆ ಹೊಡೆದ ಐದು ಮೊಳೆಯೂ ಅದೇ; ಹಳೆಯದರಲ್ಲಿ ಮಾತ್ರ ತೂತುಗಳು ಒತ್ತೊತ್ತಾಗಿದ್ದವು.

ಆಗ ಅವಳಿಗೆ ನೆನಪಾಯಿತು. ಮೊದಲ ವರ್ಷದ ಒಂದು ಶುಕ್ರವಾರ ಆ ಬೂಟನ್ನು ಹೀಟರಿನ ಪಕ್ಕ ಮರೆತು ಮನೆಗೆ ಹೋಗಿದ್ದಳು. ಸೋಮವಾರ ಬಂದಾಗ ಅದು ಒಣಗಿ ಮುದುಡಿತ್ತು. ಬೈಸಿಕೊಳ್ಳುವ ಭಯಕ್ಕೆ ಮತ್ತೆ ನೀರಿಗೆ ಹಾಕಿ, ಮೆತ್ತಗಾದ ಮೇಲೆ ಅಳೆದು, ಕುಗ್ಗಿದ ಅಳತೆಯನ್ನೇ ಚೀಟಿಯಲ್ಲಿ ಬರೆದಿದ್ದಳು. ಯಾರಿಗೂ ಹೇಳಿರಲಿಲ್ಲ. ಬರಬರುತ್ತ ತಾನೇ ಮರೆತಿದ್ದಳು.

ಮಗು ಬೆಳೆದಿರಲಿಲ್ಲ. ಇವೆರಡೂ ಒಂದೇ ಜೋಡಿ.

ವಾಪಸು ಬಂದ ನಾರ್ಮನ್ ಎಲ್ಲ ಕೇಳಿಸಿಕೊಂಡ. "ಅಯ್ಯೋ ಬಿಡೇ. ಜೋಡೀನೇ ಎಸೆದಿದಾರೆ ಅಂದ್ರೆ ಕಾಲಿಗೆ ಬಿಗಿ ಆಗ್ತಿತ್ತು ಅಂತ ಅರ್ಥ. ಬೆಳೆದೇ ಇರುತ್ತೆ."

"ವಿಲ್ಫ್ ಹೋದ ವಾರ ನಮ್ಮಮ್ಮನೂ ಅವನು ಹಾಕ್ತಿದ್ದ ಬೂಟು ಎಸೆದಳು ಕಣೋ."

ಹೊರಗೆ ಯಾರೋ ಆ ಮಗುವಿನ ಹೆಸರಲ್ಲಿ ಕೇಕ್ ಹಂಚುತ್ತಿದ್ದರು. ಹೆಸ್ಟರ್ ಹಳೆಯ ಚೀಟಿ ಹರಿದು, ತನ್ನ ತಪ್ಪನ್ನೂ ಸೇರಿಸಿ ಎರಡಕ್ಕೂ ಒಂದೇ ಚೀಟಿ ಬರೆದಳು.

ಮುಂದಿನ ಚಳಿಗಾಲಕ್ಕೆಂದು ಅಮ್ಮ ವಿಲ್ಫ್‌ಗೆ ಕೊಂಡಿಟ್ಟಿದ್ದ ದೊಡ್ಡ ಅಳತೆಯ ಜೋಡಿ ಈಗಲೂ ಹೆಸ್ಟರಳ ಕಪಾಟಿನಲ್ಲಿದೆ. ಅರವತ್ತು ವರ್ಷವಾಯಿತು, ಅದರ ಅಟ್ಟೆ ಒಂದಿಷ್ಟೂ ಸವೆದಿಲ್ಲ.