ಅಳುವ ಗುಬ್ಬಿ

ನನ್ನ ಸೊಸೆ ಫೋನಿಗೆ ಆಪ್ ಮಾಡುವವಳು. ಬಿಪಿ ಮಾತ್ರೆ ನುಂಗಿ ಬಟನ್ ಒತ್ತಿದರೆ ಅವಳ ಆಪಿನ ಗುಬ್ಬಿ ಕುಣಿಯುತ್ತದೆ, ಒತ್ತದಿದ್ದರೆ ಅಳುತ್ತದೆ. ಹಾಗೆ ರೂಢಿ ಹತ್ತಿಸುವುದೇ ಅವಳ ಕಸುಬು.

ಮೊನ್ನೆ ನನ್ನ ಹೆಂಡತಿ ಮೆಟ್ಟಿಲ ಮೇಲೆ ಕುಸಿದಳು. ಬಿಪಿ ನೋಡಿ ಡಾಕ್ಟರು ಹೌಹಾರಿದರು. ಸೊಸೆ ಫೋನ್ ತೋರಿಸಿದಳು.

"ಅತ್ತೆ ಒಂದಿನಾನೂ ತಪ್ಪಿಸಿಲ್ಲ ಡಾಕ್ಟ್ರೇ."

"ಹಾಗಾದ್ರೆ ಡೋಸ್ ಡಬಲ್ ಮಾಡ್ಬೇಕು," ಎಂದು ಅವರು ಬರೆಯತೊಡಗಿದರು.

ಮಾತ್ರೆ ಎಂದರೆ ಮುಖ ಸಿಂಡರಿಸುವವಳು ಇಷ್ಟು ನಿಯತ್ತೇ? ನನಗೆ ನಂಬಿಕೆ ಬರಲಿಲ್ಲ. ಹೆಂಡತಿಯ ಚೀಲಕ್ಕೆ ಕೈಹಾಕಿದೆ. ಮಾತ್ರೆಗಳೆಲ್ಲ ಇದ್ದ ಹಾಗೇ ಇದ್ದವು.

"ಏನೇ ಇದು? ದಿನಾ ಬಟನ್ ಒತ್ತಿದ್ದೀಯಲ್ಲ?"

"ಒತ್ತದಿದ್ರೆ ಗುಬ್ಬಿ ಅಳುತ್ತೆ ಕಣ್ರೀ, ಪಾಪ."

"ಮಾತ್ರೆ ಯಾಕ್ ತಗೊಳ್ಲಿಲ್ಲ ಅತ್ತೆ?"

"ಬಾಯೆಲ್ಲ ಕಹಿ ಕಣೇ. ಮಾತ್ರೆ ಬಿಟ್ರೆ ಗುಬ್ಬಿಯೇನೂ ಅಳಲ್ವಲ್ಲ."

ಡಾಕ್ಟರು ಚೀಟಿ ಹರಿದರು. ಸೊಸೆಯ ಕೈಯಲ್ಲಿದ್ದ ಫೋನಿನೊಳಗೆ ಗುಬ್ಬಿ ಮಾತ್ರ ಕುಣಿಯುತ್ತಲೇ ಇತ್ತು.